ಇಪ್ಪತ್ಮೂರನೆಯ ಬಿಲ್ಲೆ

ನನ್ನ ಅಕ್ಕ ಗುರೀನಾ ಹುಟ್ಟಿದಾಗಿನಿಂದ ಒಂದೂ ಸುಳ್ಳು ಹೇಳಿದವಳಲ್ಲ. ಇದು ಹೊಗಳಿಕೆ ಅಂದುಕೊಳ್ಳಬೇಡಿ, ದೂರು. ನನ್ನ ಮದುವೆಯ ದಿನ, ಇನ್ನೇನು ಚರ್ಚಿಗೆ ಹೊರಡಬೇಕು ಅನ್ನುವಾಗ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈ ಬಟ್ಟೆ ನಿಂಗೆ ಒಪ್ಪಲ್ಲ ಸಿಗ್ನೆ. ಆದ್ರೆ ಈಗ ಹೇಳಿ ಏನು ಪ್ರಯೋಜನ" ಅಂದವಳು. ಪ್ರಯೋಜನ ಇಲ್ಲ ಅಂದಮೇಲೆ ಹೇಳಿದ್ದೇಕೆ ಎಂದು ಕೇಳಿದರೆ, "ನೀನು ಕನ್ನಡಿ ನೋಡ್ಕೊಂಡು ನನ್ನ ಕಡೆ ತಿರುಗಿದೆಯಲ್ಲ" ಎಂದಳು. ನಮ್ಮ ದ್ವೀಪದಲ್ಲಿ ಅವಳ ಮುಂದೆ ಹೊಸ ಕೇಕು ಇಡುವುದಕ್ಕೆ ಹೆಂಗಸರು ಹೆದರುತ್ತಿದ್ದರು.

ನಾವು ಪ್ರಾರ್ಥನಾ ಮಂದಿರದ ಜನ. ಇಸ್ಪೀಟು ಮುಟ್ಟುವುದಿಲ್ಲ, ಕುಣಿಯುವುದಿಲ್ಲ, ಹೆಂಡ ಕುಡಿಯುವುದಿಲ್ಲ. ಆ ಮೂರರ ಪಾಲನ್ನೂ ಸೇರಿಸಿ ಕಾಫಿ ಕುಡಿಯುತ್ತೇವೆ. ಲಾಟರಿಯೊಂದನ್ನು ಮಾತ್ರ ಆಡುತ್ತೇವೆ, ಯಾಕೆಂದರೆ ಅದು ಮಿಷನ್ ಕೆಲಸಕ್ಕೆ. ಸ್ವಂತಕ್ಕೆ ಆಡಿದರೆ ಪಾಪ, ದೂರದೇಶದ ಅನಾಥ ಮಕ್ಕಳಿಗಾಗಿ ಆಡಿದರೆ ಪುಣ್ಯ. ಇದನ್ನು ನಮ್ಮ ಅಜ್ಜಂದಿರು ತೀರ್ಮಾನ ಮಾಡಿಟ್ಟು ಹೋಗಿದ್ದರಿಂದ ನಮಗೆ ತಲೆನೋವಿಲ್ಲ.

ಆ ಲಾಟರಿಯ ಒಡತಿ ಗುರೀನಾ. ನಮ್ಮಪ್ಪ ಕೊಂಬೆಯೊಂದನ್ನು ತೆಳ್ಳಗೆ ಕೊಯ್ದು, ಕಾದ ಮೊಳೆಯಿಂದ ಸಂಖ್ಯೆ ಸುಟ್ಟು ಮಾಡಿದ ಮರದ ಬಿಲ್ಲೆಗಳು ಅವಳ ವಶದಲ್ಲಿದ್ದವು. ಅವನ್ನು ಹಾಕುವ ಉಣ್ಣೆಯ ಚೀಲವನ್ನು ಅವಳೇ ಹೆಣೆದಿದ್ದಳು. ಅವಳ ನಿಯಮಗಳು ಕಲ್ಲಿನ ಮೇಲೆ ಕೆತ್ತಿದಂಥವು. ಬಹುಮಾನ ತಂದವರೇ ಅದಕ್ಕೆ ಬಿಲ್ಲೆ ಎತ್ತಬೇಕು. ಎತ್ತುವ ಮೊದಲು ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ ಎಲ್ಲರಿಗೂ ತೋರಿಸಬೇಕು. ಸಂಖ್ಯೆಯನ್ನು ಅವಳೇ ಓದಿ ಹೇಳಬೇಕು. ಒಮ್ಮೆ ಬಂದ ಬಿಲ್ಲೆ ಮತ್ತೆ ಚೀಲಕ್ಕೆ ಹೋಗಕೂಡದು. ಒಂದು ವರ್ಷ ಪಾದ್ರಿಗಳು ತೋಳು ಮಡಚಲು ಮರೆತರು ಎಂದು ಅವರನ್ನೇ ವಾಪಸು ಕೂರಿಸಿದ್ದಳು.

ಆ ಸೆಪ್ಟೆಂಬರಿನಲ್ಲಿ ನಾವು ಐದು ಜನ ವ್ಯಾನಿನಲ್ಲಿ ಮೋಲ್ಡೋವಾಕ್ಕೆ ಹೊರಟೆವು. ಗುರೀನಾ, ನಾನು, ವ್ಯಾನು ಓಡಿಸಲು ನಿವೃತ್ತ ದೋಣಿ ಕ್ಯಾಪ್ಟನ್ ತೊರ್ಲೈಫ್, ಹಾಡಿಸಲು ಆನ್‌ಫಿನ್ ಮೇಷ್ಟ್ರು, ಗಾಯ ಕಟ್ಟಲು ನರ್ಸು ಬೊರ್ಗಿಲ್. ಅಲ್ಲಿನ ಸಣ್ಣ ಊರೊಂದರ ಮಕ್ಕಳ ಮೂಳೆ ಆಸ್ಪತ್ರೆಯಲ್ಲಿ ಎರಡು ವಾರ ಮಂಚಗಳಿಗೆ ಬಣ್ಣ ಬಳಿಯುವುದು, ಮಕ್ಕಳಿಗೆ ಉಣಿಸುವುದು, ಕಾಲುಚೀಲ ಹಂಚುವುದು ನಮ್ಮ ಕೆಲಸ. ಮೂವತ್ತು ಮಕ್ಕಳಲ್ಲಿ ಅರ್ಧಕ್ಕರ್ಧ ಅನಾಥಾಲಯದವರು. ಕೊನೆಗೊಂದು ಲಾಟರಿ ಇರಲೇಬೇಕು ಎಂದು ಗುರೀನಾ ಚೀಲ ತಂದಿದ್ದಳು. ಲಾಟರಿ ಅಂದಮೇಲೆ ಬಹುಮಾನ ಬೇಕಲ್ಲ? ಊರಿನಲ್ಲಿ ಏನಿಡುತ್ತೇವೋ ಅದನ್ನೇ ತಂದೆವು: ಒಂದೊಂದು ಕಿಲೋ ಕಾಫಿ ಪುಡಿ, ಕಸೂತಿ ಹಾಕಿದ ಕುಶನ್ನು, ಉಪ್ಪು ಹಾಕಿ ಒಣಗಿಸಿದ ಮೀನು. ಬಹುಮಾನ ಗೆಲ್ಲುವವರು ಆರು ವರ್ಷದವರು ಎಂಬುದು ದಾರಿಯುದ್ದಕ್ಕೂ ನಾಲ್ಕು ದಿನ ಒಬ್ಬರಿಗೂ ಹೊಳೆಯಲಿಲ್ಲ.

ನಮ್ಮ ಮಾತು ದಾಟಿಸುತ್ತಿದ್ದವಳು ಲೀದಿಯಾ. ನಮ್ಮೂರಿನ ಮೀನು ಕಾರ್ಖಾನೆಯಲ್ಲಿ ಮೂರು ವರ್ಷ ದುಡಿದು ಭಾಷೆ ಕಲಿತು ಬಂದಿದ್ದಳು. ಅದೂ ಮೀನು ಕೊಯ್ಯುವ ಗಂಡಸರ ಜೊತೆ ನಿಂತು ಕಲಿತದ್ದು. ಮೊದಲ ದಿನ ದೊಡ್ಡ ಡಾಕ್ಟರಮ್ಮನ ಸ್ವಾಗತ ಭಾಷಣವನ್ನು ಅವಳು ನಮ್ಮ ಭಾಷೆಗೆ ತಂದಾಗ ಮೇಷ್ಟ್ರ ಕಿವಿ ಕೆಂಪಾಗಿ ಹೋಯಿತು. ಕ್ಯಾಪ್ಟನ್ ಮಾತ್ರ, "ಆಹಾ, ಮನೇಲಿದ್ದಂಗಿದೆ" ಎಂದರು.

ಇನ್ನು ಸ್ಮರಾಂದಾ. ಒಂಬತ್ತು ವರ್ಷದ ಹುಡುಗಿ, ಕಿಟಕಿಯ ಪಕ್ಕದ ಹಾಸಿಗೆ, ಹಿಂದೆ ಮುಂದೆ ಯಾರೂ ಇಲ್ಲದವಳು. ಹುಟ್ಟಿನಿಂದಲೇ ಸೊಂಟದ ಕೀಲು ಜಾರಿ ಒಂದು ಕಾಲು ಗಿಡ್ಡ. ಬಾಯಿ ಮಾತ್ರ ಯಾವ ಕಡೆಗೂ ಗಿಡ್ಡವಿರಲಿಲ್ಲ. ನಾನು ಗಂಜಿ ತಿನ್ನಿಸಲು ಹೋದರೆ, "ನೀವು ಮೊದಲು ತಿನ್ನಿ ಅಜ್ಜಿ, ನಿಮ್ಮ ಮುಖ ನೋಡಿ ಆಮೇಲೆ ಹೇಳ್ತೀನಿ" ಅನ್ನುತ್ತಿದ್ದಳು. ನಾವೆಲ್ಲ ಅವಳ ಬಲೆಗೆ ಬಿದ್ದಿದ್ದೆವು. ಮಂಚಕ್ಕೆ ಬಣ್ಣ ಬಳಿಯುವ ನೆಪದಲ್ಲಿ ಕ್ಯಾಪ್ಟನ್ ಅವಳ ಮಂಚಕ್ಕೆ ಮೂರು ಸಲ ಬಳಿದಿದ್ದರು.

ಅವಳ ಶಸ್ತ್ರಚಿಕಿತ್ಸೆ ಗುರುವಾರ ಬೆಳಿಗ್ಗೆ ಎಂದು ನಿಗದಿಯಾಗಿತ್ತು. ಬುಧವಾರ ಬೆಳಿಗ್ಗೆ ಅವಳು ಮಂಚದ ಸರಳು ಹಿಡಿದುಕೊಂಡು, ಆಗುವುದಿಲ್ಲ ಎಂದಳು.

"ಯಾಕೆ ಪುಟ್ಟಾ?" ಎಂದಳು ಬೊರ್ಗಿಲ್.

"ಡಾಕ್ಟರಮ್ಮನ್ನ ಕೇಳಿದೆ. ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ಸರಿಹೋಗತ್ತಂತೆ. ಆ ಹತ್ತನೇದು ನಾನೇ."

"ಹಾಗಂತ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಅನಾಥಾಲಯದಲ್ಲಿ ಮಿಠಾಯಿ ಕಮ್ಮಿ ಬಂದಾಗೆಲ್ಲ ಕಡ್ಡಿ ಎಳೀತೀವಿ. ಉದ್ದದ್ದು ಬಂದವರಿಗೆ ಮಿಠಾಯಿ. ನಂಗೆ ಒಂದ್ಸಲಾನೂ ಉದ್ದದ್ದು ಬಂದಿಲ್ಲ. ಒಂದ್ಸಲಾನೂ! ಬೇಕಾದ್ರೆ ಯಾರನ್ನಾದ್ರೂ ಕೇಳಿ."

ಗುರೀನಾ ಮುಂದೆ ಬಂದಳು. "ಅದೃಷ್ಟ ಅನ್ನೋದೇ ಇಲ್ಲ ಮಗಳೇ. ಎಲ್ಲಾ ದೇವರ ಕೈಲಿದೆ."

ಲೀದಿಯಾ ದಾಟಿಸಿದಳು. ಹುಡುಗಿ ಸ್ವಲ್ಪ ಯೋಚಿಸಿ ಏನೋ ಹೇಳಿದಳು. ಲೀದಿಯಾ ನಮ್ಮ ಕಡೆ ತಿರುಗಲು ಹಿಂಜರಿದಳು.

"ಏನಂದ್ಲು?"

"'ಹಾಗಾದ್ರೆ ಗಿಡ್ಡ ಕಡ್ಡಿ ಕೊಡ್ತಾ ಇರೋದು ದೇವರೇನಾ?' ಅಂತಿದಾಳೆ."

ನನ್ನ ಅಕ್ಕ ಮಾತಿನ ನಡುವೆ ಬೆನ್ನು ತಿರುಗಿಸಿದ್ದನ್ನು ಅರುವತ್ತು ವರ್ಷದಲ್ಲಿ ಅಂದೇ ಮೊದಲು ನೋಡಿದೆ. ಹೋಗಿ ಕಿಟಕಿ ಒರೆಸತೊಡಗಿದಳು.

ಡಾಕ್ಟರಮ್ಮ ನಮ್ಮನ್ನು ಹೊರಗೆ ಕರೆದರು. "ಹಿಡಿದು ಮಲಗಿಸಿ ಮದ್ದು ಕೊಡಬಹುದು. ಅದು ಕಷ್ಟ ಅಲ್ಲ. ಆಮೇಲೆ ಮೂರು ತಿಂಗಳು ದಿನಾ ನೋವು ತಿಂದು ಕಾಲು ಆಡಿಸಬೇಕು. ಸರಿಹೋಗತ್ತೆ ಅಂತ ನಂಬದೇ ಇರೋ ಮಗು ಆಡಿಸಲ್ಲ. ರಾಜಧಾನಿಯಿಂದ ಬಂದಿರೋ ಸರ್ಜನ್ನು ನಾಡಿದ್ದು ಹೊರಡ್ತಾರೆ. ಈಗ ಬಿಟ್ರೆ ಮೂಳೆ ಬಲಿತು ಹೋಗತ್ತೆ. ಜೀವನಪೂರ್ತಿ ಊರುಗೋಲು."

ನಾವು ಒಳಗೆ ಹೋಗುವಷ್ಟರಲ್ಲಿ ಸ್ಮರಾಂದಾ ತನ್ನ ತೀರ್ಪು ಕೊಟ್ಟಾಗಿತ್ತು. ಮಧ್ಯಾಹ್ನ ಮೂರಕ್ಕೆ ಲಾಟರಿ ಇದೆಯಲ್ಲ? ಅದರಲ್ಲಿ ತನ್ನ ಸಂಖ್ಯೆ ಬಂದರೆ ನಾಳೆ ಹೋಗುತ್ತಾಳೆ. ಬರದಿದ್ದರೆ ಇಲ್ಲ. ಅವಳ ಸಂಖ್ಯೆ ಇಪ್ಪತ್ಮೂರು. ಮಕ್ಕಳು ಮೂವತ್ತು, ಬಹುಮಾನ ಐದು.

ಈಗ ನನ್ನ ಪಾಪಕ್ಕೆ ಬರುತ್ತೇನೆ. ಲಾಟರಿ ಚೀಲ ಉಗ್ರಾಣದ ಗೂಟದಲ್ಲಿ ನೇತಾಡುತ್ತಿತ್ತು. ತೋಳು ಮಡಚಿದ ಕೈಯಲ್ಲಿ ಬಿಲ್ಲೆ ಮುಚ್ಚಿಟ್ಟುಕೊಳ್ಳಲು ಆಗದು. ಉಳಿದ ದಾರಿ ಒಂದೇ: ಚೀಲದಲ್ಲೇ ಇಪ್ಪತ್ಮೂರುಗಳನ್ನು ಹೆಚ್ಚಿಸುವುದು. ಊಟವಾದ ಮೇಲೆ ವ್ಯಾನಿನಿಂದ ಕ್ಯಾಪ್ಟನ್ನರ ಗರಗಸ ಕದ್ದೆ. ಬಿಲ್ಲೆಯಷ್ಟೇ ದಪ್ಪದ್ದು ಉಗ್ರಾಣದಲ್ಲಿ ಇದ್ದದ್ದು ನೆಲ ಒರೆಸುವ ಕೋಲು. ಅದರ ತುದಿ ಆಗಲೇ ಹೊಸದಾಗಿ ಕೊಯ್ದಂತೆ ಬೆಳ್ಳಗಿತ್ತು. ಕಳ್ಳರಿಗೆ ಅದನ್ನೆಲ್ಲ ಯೋಚಿಸಲು ಪುರುಸೊತ್ತೆಲ್ಲಿ? ಆರು ಬಿಲ್ಲೆ ಕೊಯ್ದೆ. ಗಾಯಕ್ಕೆ ಹಚ್ಚುವ ಹಸಿರು ಔಷಧಿ ಅಲ್ಲಿ ಎಲ್ಲ ಕಪಾಟಿನಲ್ಲೂ ಇರುತ್ತದೆ. ಅದರಲ್ಲಿ ಕಡ್ಡಿ ಅದ್ದಿ ಆರರ ಮೇಲೂ ಇಪ್ಪತ್ಮೂರು ಬರೆದು, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನಂತೆ ಚೀಲದ ಒಳಗೆ ನೋಡದೆ ಸುರಿದೆ. ಹೊರಗೆ ಬಂದು ಕೈ ತೊಳೆದೆ. ಹಸಿರು ಹೋಗಲಿಲ್ಲ. ಸೋಪು ಹಾಕಿದೆ. ಇನ್ನೂ ಹಸಿರಾಯಿತು.

ಹೆದರಿಕೆ ಆಯಿತೇ ಎಂದರೆ, ಇಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಹದಿನಾರರ ಹುಡುಗಿಯಂತೆ ಎದೆ ಕುಣಿಯುತ್ತಿತ್ತು. ಕುಣಿಯುವುದು ನಮಗೆ ನಿಷಿದ್ಧ, ಆದರೆ ಎದೆಯ ವಿಷಯ ಅಜ್ಜಂದಿರು ಏನೂ ಹೇಳಿರಲಿಲ್ಲ.

ಮೂರು ಗಂಟೆಗೆ ವಾರ್ಡಿನಲ್ಲಿ ಮಕ್ಕಳೆಲ್ಲ ಸೇರಿದರು. ಮಂಚ ಬಿಟ್ಟು ಬರಲಾಗದವರನ್ನು ಮಂಚಸಮೇತ ತಂದೆವು. ಪ್ರತಿ ಮಗುವೂ ಅಂಗಳದ ಮರದ ಒಂದು ಅಕ್ರೋಟು ಕೊಟ್ಟು ತನ್ನ ಸಂಖ್ಯೆಯ ಚೀಟಿ ಪಡೆದಿತ್ತು. ಪುಕ್ಕಟೆ ಸಿಕ್ಕಿದ್ದು ಲಾಟರಿಯಲ್ಲ, ಭಿಕ್ಷೆ ಎಂದು ಗುರೀನಾಳ ಹಟ. ಬಹುಮಾನಗಳನ್ನು ಮೇಜಿನ ಮೇಲೆ ಜೋಡಿಸಿದಾಗ ಒಣಮೀನು ನೋಡಿ ಒಂದು ಪುಟ್ಟ ಮಗು ಅಳತೊಡಗಿತು. ತೋಳಿಗೆ ಕೈಚೀಲ ಸಿಕ್ಕಿಸಿಕೊಂಡು ಗುರೀನಾ ಮೇಜಿನ ಹಿಂದೆ ನಿಂತಳು. ರೂಢಿಯಂತೆ ಲಾಟರಿ ಚೀಲವನ್ನು ಒಮ್ಮೆ ಕುಲುಕಿದಳು. ಅದು ಕಟಕಟ ಎಂದಿತು. ಅವಳು ಬೆಚ್ಚಿ ಚೀಲವನ್ನೇ ನೋಡಿದಳು. ಭಾರ ಹೆಚ್ಚಾದದ್ದು ಗೊತ್ತಾಯಿತು, ಮುಗಿಯಿತು ನನ್ನ ಕಥೆ ಎಂದುಕೊಂಡೆ. ಆದರೆ ಅವಳು ಬಿಲ್ಲೆ ಎತ್ತಲು ಬನ್ನಿ ಎಂದು ಕೈಮಾಡಿದಳು.

ಮೊದಲು ಕ್ಯಾಪ್ಟನ್, ಕಾಫಿ ಪುಡಿಗೆ. ತೋಳು ಮಡಚಿದರು, ಎತ್ತಿದರು. ಗುರೀನಾ ಬಿಲ್ಲೆ ನೋಡಿದಳು. ನಾನಿದ್ದಲ್ಲಿಂದಲೇ ಹಸಿರು ಬರಹ ಕಾಣುತ್ತಿತ್ತು. ಅಪ್ಪ ಸುಟ್ಟ ಅಂಕಿ ಯಾವುದು, ಇದು ಯಾವುದು ಎಂದು ಅವಳಿಗೆ ತಿಳಿಯದೆ? ಅವಳು ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದಳು: "ಇಪ್ಪತ್ಮೂರು."

ಸ್ಮರಾಂದಾ ಕಿರುಚಿದ ಕಿರುಚಿಗೆ ಅಡುಗೆಮನೆಯಿಂದ ಜನ ಓಡಿ ಬಂದರು. "ನಂದು! ನಂದು! ಬಂತು! ಏ, ಎಲ್ಲಾ ನೋಡ್ರೋ, ನಂಗೆ ಬಂತು!" ಒಂದು ಕಿಲೋ ಕಾಫಿಯನ್ನು ಎದೆಗೆ ಅವುಚಿಕೊಂಡಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ನಾನು ಬೊರ್ಗಿಲಳನ್ನು ಅಪ್ಪಿಕೊಂಡೆ. ಇಲ್ಲಿಗೆ ನಿಲ್ಲಿಸಿದ್ದರೆ ಸರಿಯಾಗುತ್ತಿತ್ತು.

ಗುರೀನಾ ಕೈಚೀಲದ ಬಾಯಿಗೆ ಕೈ ಹಾಕಿ, "ಒಂದು ನಿಮಿಷ" ಎಂದಳು. ಆದರೆ ಸಂಭ್ರಮದಲ್ಲಿದ್ದ ಮೇಷ್ಟ್ರಿಗೆ ಅದು ಕೇಳಲಿಲ್ಲ. ತೋಳು ಮಡಚಿದ್ದೇ ಕೈ ಹಾಕಿ ಎತ್ತಿಬಿಟ್ಟರು. ಬಿಲ್ಲೆ ನೋಡಿ ಅಕ್ಕನ ಮುಖ ಸುಣ್ಣದಂತಾಯಿತು.

"ಇಪ್ಪತ್ಮೂರು," ಎಂದಳು.

ಸ್ಮರಾಂದಾ ಕಾಫಿ ಪೊಟ್ಟಣದ ಮೇಲಿಂದ ನೋಡಿದಳು. ಅವಳ ಪಾಲಿಗೆ ಕುಶನ್ನು ಬಂತು.

ಮೂರನೆಯದು ಬೊರ್ಗಿಲ್. ಚೀಲದ ತಳಕ್ಕೆ ಕೈ ಹಾಕಿ, ಬಹಳ ಹೊತ್ತು ತಡಕಾಡಿ, ಒಂದನ್ನು ಆರಿಸಿ ತೆಗೆದಳು.

"ಇಪ್ಪತ್ಮೂರು."

ಬೊರ್ಗಿಲ್ ಇನ್ನೊಂದು ಕಿಲೋ ಕಾಫಿಯನ್ನು ಸ್ಮರಾಂದಾಳ ಮಂಚದ ಮೇಲಿಟ್ಟಳು. ನಾನು ಎತ್ತುವಾಗ ದೇವರನ್ನು ಬೇಡಿಕೊಂಡೆ: ತಂದೆಯೇ, ಏಳು ಕೊಡು, ಹನ್ನೊಂದು ಕೊಡು. ಲಾಟರಿಯಲ್ಲಿ ಮೋಸ ಮಾಡಿ ಆಮೇಲೆ ಪ್ರಾರ್ಥನೆ ಮಾಡಿದರೆ ಅವನಾದರೂ ಯಾಕೆ ಕೇಳುತ್ತಾನೆ? ಒಣಮೀನೂ ಸ್ಮರಾಂದಾಳ ಮಡಿಲಿಗೇ ಹೋಯಿತು.

"ಆ ನಂಬರು ಆಗ್ಲೇ ಮುಗೀತಲ್ಲಾ!" ಎಂದು ಕೈಗೆ ಪಟ್ಟಿ ಹಾಕಿದ ದೊಡ್ಡ ಹುಡುಗಿಯೊಬ್ಬಳು ಕೂಗಿದಳು. ಗಲಾಟೆ ಎದ್ದಿತು. ಸ್ಮರಾಂದಾ ಮಾತ್ರ ಕೂಗಲಿಲ್ಲ. ಅವಳು ನಮ್ಮ ಮಡಚಿದ ತೋಳುಗಳನ್ನೂ ಅವುಗಳ ತುದಿಯ ಬೆರಳುಗಳನ್ನೂ ಒಂದೊಂದಾಗಿ ನೋಡುತ್ತಿದ್ದಳು.

"ಇವರ ಬೆರಳು ಯಾಕೆ ಹಸಿರು?" ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಕ್ಯಾಪ್ಟನ್, ಮೇಷ್ಟ್ರು, ಬೊರ್ಗಿಲ್, ನಾನು, ನಾಲ್ವರೂ ಒಂದೇ ಸಲ ಕೈ ಹಿಂದಕ್ಕೆ ಬಚ್ಚಿಟ್ಟೆವು. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡೆವು.

"ಸಿಗ್ನೆ, ನೀನೂ?" ಎಂದರು ಕ್ಯಾಪ್ಟನ್.

"ನೀವೆಷ್ಟು ಹಾಕಿದ್ರಿ?"

"ಹತ್ತು. ಮಾಡೋದೇನು ಅರ್ಧಂಬರ್ಧ?"

"ನಾನು ಏಳು," ಎಂದರು ಮೇಷ್ಟ್ರು ನೆಲ ನೋಡುತ್ತ. "ಲೆಕ್ಕ ಹಾಕಿಯೇ ಹಾಕ್ದೆ. ಅಷ್ಟು ಸಾಕಾಗತ್ತೆ ಅಂತ ಬಂತು."

"ನಂದು ನಾಲ್ಕೇ," ಎಂದು ಬೊರ್ಗಿಲ್ ಬಿಕ್ಕಿದಳು, ನಾಲ್ಕು ಪಾಪ ಎಂಬುದು ಹತ್ತಕ್ಕಿಂತ ಹಗುರ ಎಂಬಂತೆ.

ಅದೇ ಹೊತ್ತಿಗೆ ಬಾಗಿಲು ಧಡಾರನೆ ತೆರೆಯಿತು. ನೆಲ ಒರೆಸುವ ಫ್ರೋಸ್ಯಾ ಕೋಲು ಎತ್ತಿ ಹಿಡಿದು ನಿಂತಿದ್ದಳು. "ಯಾವ ಹಾಳಾದವನು ನನ್ನ ಕೋಲನ್ನ ಒಂದು ಗೇಣು ತಿಂದಿದ್ದು? ಬೆಳಿಗ್ಗೆ ನಿಂತು ಒರೆಸ್ತಿದ್ದೆ, ಈಗ ಬಗ್ಗಿ ಒರೆಸ್ಬೇಕು!" ಲೀದಿಯಾ ಇದನ್ನು ನಮಗೆ ದಾಟಿಸಿದಳು, ಮೀನು ಕಾರ್ಖಾನೆಯಿಂದ ಒಂದೆರಡು ಮಾತು ತಾನೇ ಸೇರಿಸಿ. ಮಕ್ಕಳು ನಕ್ಕ ನಗುವಿಗೆ ಮಂಚಗಳು ಅಲುಗಿದವು. ನನಗೂ ಹೊಟ್ಟೆಯೊಳಗಿಂದ ನಗು ಒದ್ದು ಬರುತ್ತಿತ್ತು. ಸ್ಮರಾಂದಾಳ ಮುಖ ನೋಡಿದೆ, ನಗು ಅಲ್ಲೇ ನಿಂತಿತು. ಅವಳು ಕಾಫಿ, ಕುಶನ್ನು, ಮೀನು ಎಲ್ಲವನ್ನೂ ಮಂಚದ ಅಂಚಿಗೆ ತಳ್ಳುತ್ತಿದ್ದಳು.

"ಹಾಗಾದ್ರೆ ನಂಗೆ ಬಂದಿಲ್ಲ," ಎಂದಳು. "ನೀವೇ ಹಾಕಿದ್ದು. ನಾನೇ ಹತ್ತನೇದು." ಮತ್ತೆ ಮಂಚದ ಸರಳು ಹಿಡಿದಳು.

ನಾವು ನಾಲ್ವರು ಕಳ್ಳರು ಒಳ್ಳೆಯದು ಮಾಡಲು ಹೋಗಿ ಇದ್ದ ಒಂದು ದಾರಿಯನ್ನೂ ಮುಚ್ಚಿದ್ದೆವು. ಆ ದೊಡ್ಡ ಹುಡುಗಿ ಗುರೀನಾಳ ಕೈ ತೋರಿಸಿ, "ಈ ಅಜ್ಜಿ ಬೆರಳು ಬೆಳ್ಳಗಿದೆ, ಇವರೊಬ್ಬರೇ ಒಳ್ಳೆಯವರು" ಎಂದಳು.

ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಅಕ್ಕ ಅರುವತ್ನಾಲ್ಕು ವರ್ಷದ ಹೆಸರನ್ನು ಹಾಗೆಯೇ ಊರಿಗೆ ಒಯ್ಯಬಹುದಿತ್ತು. ಅವಳು ಲಾಟರಿ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಉಳಿದ ಬಿಲ್ಲೆಗಳು ಉರುಳಿದವು. ಎಲ್ಲವೂ ಹಸಿರು ಇಪ್ಪತ್ಮೂರು, ನಡುವೆ ಒಂದೇ ಒಂದು ಅಪ್ಪ ಸುಟ್ಟ ಇಪ್ಪತ್ಮೂರು. ಬೇರೆ ಸಂಖ್ಯೆ ಒಂದೂ ಇರಲಿಲ್ಲ.

"ಉಳಿದವು ಎಲ್ಲಿ?" ಎಂದೆ.

ಗುರೀನಾ ಕೈಚೀಲ ತೆರೆದಳು. ಕೀರ್ತನೆ ಪುಸ್ತಕ ತೆಗೆದು ಪಕ್ಕಕ್ಕಿಟ್ಟಳು, ಕರವಸ್ತ್ರ ತೆಗೆದಿಟ್ಟಳು, ಆಮೇಲೆ ಕೈಚೀಲವನ್ನೂ ಬೋರಲು ಹಾಕಿದಳು. ಇಪ್ಪತ್ತೊಂಬತ್ತು ಬಿಲ್ಲೆಗಳು ಕಟಕಟ ಬಿದ್ದವು.

"ಊಟಕ್ಕೆ ಮುಂಚೆಯೇ ತೆಗೆದಿಟ್ಕೊಂಡೆ," ಎಂದಳು ಗಟ್ಟಿ ದನಿಯಲ್ಲಿ, ಊರಿನ ಸಭೆಯಲ್ಲಿ ನಿಂತು ಹೇಳುವಂತೆ. "ಚೀಲದಲ್ಲಿ ಒಂದನ್ನೇ ಬಿಟ್ಟಿದ್ದೆ. ಮೊದಲನೇದು ಆದ್ಮೇಲೆ ಉಳಿದವನ್ನ ವಾಪಸು ಹಾಕೋಣ ಅಂತಿದ್ದೆ. ಮೇಷ್ಟ್ರು ಬಿಡಲಿಲ್ಲ. ಚೀಲ ಕುಲುಕಿದಾಗ್ಲೇ ಯಾರೋ ಏನೋ ಹಾಕಿದಾರೆ ಅಂತ ಗೊತ್ತಾಯ್ತು, ನೋಡಿದ್ರೆ ಎರಡನೇದೂ ಇಪ್ಪತ್ಮೂರೇ ಬಂತು. ಎದೆ ನಿಂತೇ ಹೋಗಿತ್ತು ನಂಗೆ."

"ಗುರೀನಾ!" ಎಂದರು ಮೇಷ್ಟ್ರು. ಕ್ಯಾಪ್ಟನ್ ಮಾತ್ರ ಟೊಪ್ಪಿ ತೆಗೆದು, "ನಾವೆಲ್ಲ ಕಳ್ಳರು, ನೀನು ಕಳ್ಳರಿಗೆ ಗುರು ಕಣಮ್ಮಾ" ಎಂದು ಬಗ್ಗಿದರು.

ಲೀದಿಯಾ ಇದನ್ನೆಲ್ಲ ಹುಡುಗಿಗೆ ಹೇಳುತ್ತಿದ್ದಳು, ಅರ್ಧ ಅಳುತ್ತ, ಅರ್ಧ ನಗುತ್ತ. ಅವಳು ನಮ್ಮ ದ್ವೀಪದಲ್ಲಿ ಬಾಳಿದವಳಲ್ಲವೇ, ಹೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು: ಈ ಜನ ಇಸ್ಪೀಟು ಮುಟ್ಟದವರು, ಅಂಗಡಿಯಲ್ಲಿ ಒಂದು ಮೊಳೆ ಹೆಚ್ಚು ಬಂದರೆ ಮಂಜಿನಲ್ಲಿ ನಡೆದು ಹೋಗಿ ವಾಪಸು ಕೊಟ್ಟು ಬರುವವರು, ಅದರಲ್ಲೂ ಈ ಅಜ್ಜಿ.

ಸ್ಮರಾಂದಾ ಸರಳು ಬಿಟ್ಟು ಗುರೀನಾಳನ್ನು ಕರೆದಳು. "ನಿಮ್ಮ ದೇವರು ಬೈಯಲ್ವಾ?"

"ಬೈತಾನೆ."

"ಊರಲ್ಲಿ?"

"ಅಲ್ಲೂ ಬೈತಾರೆ. ನಾನೇ ಎದ್ದು ನಿಂತು ಹೇಳ್ಬೇಕು."

"ಮತ್ತೆ ಯಾಕೆ ಮಾಡಿದ್ರಿ?"

ಗುರೀನಾ ಎಂದಿನಂತೆ ನಿಜವನ್ನೇ ಹೇಳಿದಳು. "ನೀನು ನಡೀಬೇಕು. ನಂಗೆ ಇನ್ನೇನೂ ಹೊಳೀಲಿಲ್ಲ."

ಹುಡುಗಿ ಮೇಜಿನ ಮೇಲಿದ್ದ ಬಿಲ್ಲೆಗಳ ಎರಡು ಗುಡ್ಡೆಗಳನ್ನು ನೋಡಿದಳು. ಹಸಿರು ಗುಡ್ಡೆ ಅವಳಿಗೆ ಹಿಡಿಸಲಿಲ್ಲವೆಂದು ಕಾಣುತ್ತದೆ. ಕೈಚೀಲದಿಂದ ಬಿದ್ದ ಗುಡ್ಡೆಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಮೂಗು ಸುಕ್ಕಾಯಿತು, ಭುಜ ಅಲುಗಿತು, ಒಂದು ನಗು ಹೊರಟಿತು ನೋಡಿ, ಕಣ್ಣಲ್ಲಿ ನೀರು ಬರುವವರೆಗೂ ನಿಲ್ಲಲಿಲ್ಲ. ಕಾಫಿ ಪೊಟ್ಟಣವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.

"ನಾಳೆ ಹೋಗ್ತೀನಿ," ಎಂದಳು. "ಆದ್ರೆ ಈ ಅಜ್ಜಿ ಬಾಗಿಲಲ್ಲೇ ಕೂತಿರ್ಬೇಕು. ಡಾಕ್ಟರಮ್ಮನ ಹತ್ತರಲ್ಲಿ ಆ ಹತ್ತನೇದನ್ನ ಮೊದಲೇ ತೆಗೆದು ಕೈಚೀಲದಲ್ಲಿ ಹಾಕ್ಕೊಂಡಿರ್ಬೇಕು. ನಾನು ಹೇಳೋವರೆಗೂ ತೆಗೀಬಾರ್ದು."

ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳನ್ನು ತಳ್ಳುಗಾಡಿಯಲ್ಲಿ ಒಳಗೆ ಒಯ್ದರು. ಹೋಗುವಾಗ ಗುರೀನಾಳ ಕೈಚೀಲದ ಕೊಂಡಿ ಸರಿಯಾಗಿ ಬಿಗಿದಿದೆಯೇ ಎಂದು ಎಳೆದು ನೋಡಿಯೇ ಹೋದಳು. ಅಕ್ಕ ಬೆಂಚಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಳು, ಕೈಚೀಲ ತೊಡೆಯ ಮೇಲೆ, ಎರಡೂ ಕೈ ಅದರ ಬಾಯಿಯ ಮೇಲೆ. ನಾವು ಪಕ್ಕದಲ್ಲಿ ಸಾಲಾಗಿ ಕೂತೆವು. ಒಂದು ಗಂಟೆಯಾಯಿತು. ಎರಡಾಯಿತು. ಮೇಷ್ಟ್ರು ಕೀರ್ತನೆ ಹಾಡೋಣ ಎಂದರು, ಅವರ ಪುಸ್ತಕ ವ್ಯಾನಿನಲ್ಲಿತ್ತು.

"ಅಕ್ಕಾ, ನಿಂದು ಕೊಡು."

"ಒಳಗಿದೆ. ತೆಗಿಯಕ್ಕಾಗಲ್ಲ."

"ಅದೃಷ್ಟಾನೇ ಇಲ್ಲ ಅಂತಿದ್ದೆ."

"ಇಲ್ಲ," ಎಂದಳು, ಇನ್ನೂ ಬಿಗಿಯಾಗಿ ಹಿಡಿದು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಮೂಗು ಸೋರುತ್ತಿತ್ತು. ಕರವಸ್ತ್ರವೂ ಒಳಗೇ ಇತ್ತು. ನನ್ನ ಒಳ್ಳೆಯ ಸ್ವೆಟರಿನ ತೋಳು ಎಳೆದು ಒರೆಸಿಕೊಂಡಳು. ಅವಳು ಅತ್ತದ್ದನ್ನು ನೋಡಿ ನನಗೂ ಅಳು ಬಂತು, ಅದರ ಹಿಂದೆಯೇ ತಡೆಯಲಾರದ ನಗು.

ಹನ್ನೊಂದೂವರೆಗೆ ಡಾಕ್ಟರಮ್ಮ ಮುಖದ ಬಟ್ಟೆ ಇಳಿಸುತ್ತ ಬಂದು, "ಚೆನ್ನಾಗಾಯ್ತು, ಕೀಲು ಸರಿಯಾಗಿ ಕೂತಿದೆ" ಎಂದರು. ನಾವೆಲ್ಲ ಎದ್ದು ಒಬ್ಬರ ಮೇಲೊಬ್ಬರು ಬಿದ್ದೆವು. ಕ್ಯಾಪ್ಟನ್ ಫ್ರೋಸ್ಯಾಳ ಕೈ ಹಿಡಿದು ಹಜಾರದಲ್ಲಿ ಎರಡು ಸುತ್ತು ಕುಣಿದೇಬಿಟ್ಟರು. ಮೇಷ್ಟ್ರು ಗೋಡೆಯ ಕಡೆ ತಿರುಗಿ ನಿಂತು ಕಾಣದಂತಿದ್ದರು. ಗುರೀನಾ ಮಾತ್ರ ಬೆಂಚಿನಿಂದ ಏಳಲಿಲ್ಲ, ಕೈಚೀಲವನ್ನೂ ಬಿಡಲಿಲ್ಲ. ಊಟಕ್ಕೂ ಬರಲಿಲ್ಲ.

ಸಂಜೆಯ ಬಿಸಿಲು ಕಿಟಕಿಗೆ ಬಂದಾಗ ಸ್ಮರಾಂದಾ ಎಚ್ಚರಗೊಂಡಳು. ಬಿಳಿ ಪಟ್ಟಿಯಲ್ಲಿ ಸೊಂಟದಿಂದ ಪಾದದವರೆಗೆ ಕಟ್ಟಿದ್ದರು. ತುಟಿ ಒಣಗಿತ್ತು. ಮಂಚದ ಪಕ್ಕ ಕೂತಿದ್ದ ಅಕ್ಕನನ್ನು ಹುಡುಕಿ, ಅವಳ ತೊಡೆಯ ಕಡೆ ಕಣ್ಣು ಹೊರಳಿಸಿದಳು.

"ತೆಗೆದ್ರಾ?"

"ಇಲ್ಲಮ್ಮಾ."

"ಒಂದ್ಸಲಾನೂ?"

"ಒಂದ್ಸಲಾನೂ ಇಲ್ಲ."

ಲಾಟರಿಯಲ್ಲಿ ಮೋಸ ಮಾಡಿದ ಹೆಂಗಸಿನ ಮಾತನ್ನು ಆ ಹುಡುಗಿ ಮರುಮಾತಿಲ್ಲದೆ ನಂಬಿದಳು. ಕಣ್ಣು ಮುಚ್ಚಿಕೊಂಡು, "ಇನ್ನೂ ಮೂರು ತಿಂಗಳು ಇದೆಯಂತೆ," ಎಂದಳು. "ಹಾಗೇ ಇಟ್ಕೊಂಡಿರಿ. ಸಿಗ್ನೆ ಅಜ್ಜಿ, ಇವರಿಗೊಂದು ಕರ್ಚೀಫು ಕೊಡಿ."